2¹²⁷ − 1: ಕೈಲೆಕ್ಕದಲ್ಲಿ ಸಿಕ್ಕ 39 ಅಂಕಿಗಳ ಅವಿಭಾಜ್ಯ ಸಂಖ್ಯೆ

2ನ್ನು 127 ಸಲ ಇಟ್ಟು ಒಂದಕ್ಕೊಂದು ಗುಣಿಸಿ, ಬಂದ ಮೊತ್ತದಿಂದ 1ನ್ನು ಕಳೆದರೆ ದೊರೆಯುವ ಸಂಖ್ಯೆ ಹೀಗಿದೆ:

170 141 183 460 469 231 731 687 303 715 884 105 727

ಒಟ್ಟು 39 ಅಂಕಿಗಳು. ಗಣಿತದಲ್ಲಿ ಇದನ್ನು 2¹²⁷ − 1 ಎಂದು ಚಿಕ್ಕದಾಗಿ ಬರೆಯುತ್ತಾರೆ. ಇದು ಅವಿಭಾಜ್ಯ ಸಂಖ್ಯೆ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವ ಪೂರ್ಣಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದು. ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ 1876ರಲ್ಲಿ ಇದನ್ನು ಕಂಡುಕೊಂಡರು. ಮುಂದಿನ 75 ವರ್ಷ, 1951ರವರೆಗೆ, ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವ ಯಂತ್ರದ ನೆರವೂ ಇಲ್ಲದೆ ಪತ್ತೆಯಾದ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ದೊಡ್ಡದು.

39 ಅಂಕಿಗಳ ಸಂಖ್ಯೆಯನ್ನು ಯಾವುದೂ ಭಾಗಿಸುವುದಿಲ್ಲ ಎಂದು ಕಾಗದ, ಲೇಖನಿ ಹಿಡಿದ ಒಬ್ಬ ಮನುಷ್ಯ ಹೇಗೆ ಹೇಳಬಲ್ಲ? ಈ ಸಂಖ್ಯೆಯ ಕುತೂಹಲವೆಲ್ಲ ಆ ಪ್ರಶ್ನೆಯಲ್ಲಿದೆ. ಉತ್ತರದಲ್ಲಿ ಬರುವ ಎರಡು ಉಪಾಯಗಳು, ಅಂದರೆ ಇಮ್ಮಡಿಸುವುದು ಮತ್ತು ವರ್ಗ ಮಾಡುವುದು, ಜೈನ ಗಣಿತ ಗ್ರಂಥಗಳನ್ನು ಬಲ್ಲವರಿಗೆ ಅಪರಿಚಿತವಲ್ಲ.

ಇಮ್ಮಡಿಯ ಸಾಲು

1, 2, 4, 8, 16 ಹೀಗೆ ಪ್ರತಿ ಸಲ ಇಮ್ಮಡಿಸುತ್ತಾ ಹೋಗಿ, ಬಂದದ್ದನ್ನೆಲ್ಲ ಕೂಡಿಸಿದರೆ ಮೊತ್ತ ಯಾವಾಗಲೂ ಮುಂದಿನ ಇಮ್ಮಡಿಗಿಂತ ಒಂದು ಕಡಿಮೆ ಇರುತ್ತದೆ. 1+2+4 = 7, ಅಂದರೆ 8 − 1. 1+2+4+8 = 15, ಅಂದರೆ 16 − 1. ಹೀಗೆ 127 ಪದಗಳನ್ನು ಕೂಡಿಸಿದರೆ ಮೇಲಿನ 39 ಅಂಕಿಗಳ ಸಂಖ್ಯೆ ಬರುತ್ತದೆ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ, ಇದನ್ನು ಬರೆದರೆ ಸಾಲಾಗಿ 127 ಒಂದುಗಳು ನಿಲ್ಲುತ್ತವೆ, ನಡುವೆ ಒಂದೂ ಸೊನ್ನೆಯಿಲ್ಲ.

ಈ ಬಗೆಯ ಸಂಖ್ಯೆಗಳೆಲ್ಲ ಅವಿಭಾಜ್ಯವಲ್ಲ. 15 = 3 × 5. ಘಾತಾಂಕವೇ ಭಾಜ್ಯವಾದರೆ ಸಂಖ್ಯೆಯೂ ಭಾಜ್ಯವಾಗುತ್ತದೆ ಎಂಬುದು ಸುಲಭದ ನಿಯಮ. 4 ಎಂಬುದು 2 × 2 ಆದ್ದರಿಂದ 2⁴ − 1 ಒಡೆಯಿತು. ಹಾಗಾದರೆ ಘಾತಾಂಕ ಅವಿಭಾಜ್ಯವಾದರೆ ಸಾಕೇ? ಸಾಲದು. 2, 3, 5, 7 ಈ ನಾಲ್ಕು ಘಾತಾಂಕಗಳಿಗೆ 3, 7, 31, 127 ಎಂಬ ಅವಿಭಾಜ್ಯಗಳು ಬಂದು ಆಸೆ ಹುಟ್ಟಿಸುತ್ತವೆ. ಐದನೆಯದರಲ್ಲಿ ಎಡವುತ್ತೇವೆ: 2¹¹ − 1 = 2047, ಇದು 23 × 89.

ಪ್ಯಾರಿಸಿನ ಕ್ರೈಸ್ತ ಸಂನ್ಯಾಸಿ ಮರಿನ್ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, 257ರವರೆಗೆ ಯಾವ ಯಾವ ಘಾತಾಂಕಗಳಿಗೆ ಅವಿಭಾಜ್ಯ ಬರುತ್ತದೆ ಎಂದು ಪಟ್ಟಿ ಕೊಟ್ಟರು: 2, 3, 5, 7, 13, 17, 19, 31, 67, 127, 257. ಪುರಾವೆ ಕೊಡಲಿಲ್ಲ. ಆ ಕಾಲಕ್ಕೆ ಕೊಡುವುದು ಸಾಧ್ಯವೂ ಇರಲಿಲ್ಲ. ಪಟ್ಟಿಯನ್ನು ಪೂರ್ತಿ ಪರೀಕ್ಷಿಸಿ ಮುಗಿಸುವಾಗ 1947 ಆಗಿತ್ತು, ಮುನ್ನೂರು ವರ್ಷಗಳೇ ಕಳೆದಿದ್ದವು. ಐದು ತಪ್ಪುಗಳು ಸಿಕ್ಕವು: 67 ಮತ್ತು 257 ಅಲ್ಲಿ ಇರಬಾರದಿತ್ತು, 61, 89, 107 ಬಿಟ್ಟುಹೋಗಿದ್ದವು. 61ನ್ನು 1883ರಲ್ಲಿ ಪತ್ತೆ ಮಾಡಿದವರು ರಷ್ಯಾದ ಹಳ್ಳಿಯೊಂದರ ಪಾದ್ರಿ ಇವಾನ್ ಪೆರ್ವುಶಿನ್. ತಪ್ಪುಗಳಿದ್ದರೂ ಇಂಥ ಸಂಖ್ಯೆಗಳಿಗೆ ಮರ್ಸೆನ್ ಹೆಸರೇ ಉಳಿಯಿತು. 2¹²⁷ − 1 ಈ ಸಾಲಿನ ಹನ್ನೆರಡನೆಯ ಮರ್ಸೆನ್ ಅವಿಭಾಜ್ಯ.

ಪಟ್ಟಿಯಲ್ಲಿದ್ದ 67ರ ಕಥೆ ಬೇರೆಯೇ. 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕರು ಹಲಗೆಯ ಬಳಿ ಹೋಗಿ, ಒಂದು ಬದಿಯಲ್ಲಿ 2⁶⁷ − 1ರ ಬೆಲೆಯನ್ನು ಲೆಕ್ಕ ಮಾಡಿ ಬರೆದರು. ಇನ್ನೊಂದು ಬದಿಯಲ್ಲಿ 193707721ನ್ನು 761838257287ರಿಂದ ಗುಣಿಸಿದರು. ಎರಡೂ ಕಡೆ ಒಂದೇ ಉತ್ತರ, 147573952589676412927. ಮಾತನಾಡದೆ ಹೋಗಿ ಕುಳಿತರು ಎಂದು ಹೇಳುತ್ತಾರೆ. ಒಂದು ಸಂಖ್ಯೆ ಒಡೆಯುತ್ತದೆ ಎಂದು ತೋರಿಸಲು ಅಷ್ಟು ಸಾಕು, ನೋಡಿದವರಿಗೆಲ್ಲ ತಿಳಿಯುತ್ತದೆ. ಒಡೆಯುವುದಿಲ್ಲ ಎಂದು ತೋರಿಸುವುದೇ ಕಷ್ಟ.

ಭಾಗಿಸಿ ನೋಡಿ ಮುಗಿಯದು

ಶಾಲೆಯಲ್ಲಿ ಕಲಿಸುವ ವಿಧಾನ ಎಲ್ಲರಿಗೂ ಗೊತ್ತು: ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. 97ಕ್ಕೆ 2, 3, 5, 7 ಸಾಕು. 2¹²⁷ − 1ರ ವರ್ಗಮೂಲವೇ ಸುಮಾರು 1.3 × 10¹⁹, ಅಂದರೆ 20 ಅಂಕಿಗಳ ಸಂಖ್ಯೆ.

ಸ್ವಲ್ಪ ಉಳಿತಾಯ ಸಾಧ್ಯ. ಇಂಥ ಸಂಖ್ಯೆಯನ್ನು ಯಾವುದಾದರೂ ಅವಿಭಾಜ್ಯ ಭಾಗಿಸುವುದಾದರೆ ಅದು 254ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು (254 ಎಂದರೆ 127ರ ಎರಡರಷ್ಟು). ಜೊತೆಗೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. 2047ರಲ್ಲಿ ಈ ಮಾತು ಸರಿಯಾಗಿ ಕಾಣುತ್ತದೆ: 11ರ ಎರಡರಷ್ಟು 22, 23 ಎಂದರೆ 22 + 1, 89 ಎಂದರೆ 88 + 1. ನಮ್ಮ ಸಂಖ್ಯೆಗೆ ಈ ಜರಡಿ ಹಿಡಿದರೆ 255, 1017, 1271, 2033 ಉಳಿಯುತ್ತವೆ, ಆದರೆ ಅವು ನಾಲ್ಕೂ ಭಾಜ್ಯ ಸಂಖ್ಯೆಗಳು. ಪರೀಕ್ಷಿಸಬೇಕಾದ ಮೊದಲ ಅವಿಭಾಜ್ಯ 2287. ಅದಕ್ಕಿಂತ ಕೆಳಗಿನ ಒಂದನ್ನೂ ಮುಟ್ಟಬೇಕಾಗಿಲ್ಲ.

ಇಷ್ಟು ಜರಡಿ ಹಿಡಿದರೂ ಉಳಿಯುವುದು ಸುಮಾರು 2.6 × 10¹⁶ ಸಂಖ್ಯೆಗಳು. ಸೆಕೆಂಡಿಗೆ ಒಂದರಂತೆ, ಊಟ ನಿದ್ರೆ ಬಿಟ್ಟು ಭಾಗಿಸುತ್ತಾ ಕುಳಿತರೂ 80 ಕೋಟಿ ವರ್ಷ ಬೇಕು. ಬೇರೆ ದಾರಿ ಹುಡುಕಲೇಬೇಕಿತ್ತು.

ಲ್ಯೂಕಾ ಕಂಡ ದಾರಿ

ಲ್ಯೂಕಾ (1842–1891) ಅಮ್ಯಾಂ ಪಟ್ಟಣದವರು. ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದು, ಆಮೇಲೆ ಪ್ಯಾರಿಸಿನ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದರು. ಮಕ್ಕಳು ಇಂದು ಆಡುವ ‘ಹನೋಯಿ ಗೋಪುರ’ ಎಂಬ ಬಿಲ್ಲೆಗಳ ಆಟವನ್ನು 1883ರಲ್ಲಿ ಹೊರತಂದವರೂ ಇವರೇ. ಆ ಆಟದಲ್ಲೂ ಇದೇ ಲೆಕ್ಕವಿದೆ: ಮೂರು ಬಿಲ್ಲೆಗಳಿಗೆ ಕನಿಷ್ಠ 7 ನಡೆ, ನಾಲ್ಕಕ್ಕೆ 15, 64 ಬಿಲ್ಲೆಗಳಿಗೆ 18446744073709551615. 127 ಬಿಲ್ಲೆಗಳ ಗೋಪುರ ಕಟ್ಟಿದರೆ ಅದನ್ನು ಪೂರ್ತಿ ಸರಿಸಲು ಬೇಕಾಗುವ ನಡೆಗಳ ಎಣಿಕೆಯೇ ಈ ಲೇಖನದ ಸಂಖ್ಯೆ.

ಭಾಗಿಸದೆಯೇ ಅವಿಭಾಜ್ಯವೆಂದು ತಿಳಿಯಲು ಲ್ಯೂಕಾ ಕೊಟ್ಟ ವಿಧಾನ ಆಶ್ಚರ್ಯವಾಗುವಷ್ಟು ಚಿಕ್ಕದು. 3ರಿಂದ ಆರಂಭಿಸಬೇಕು. ಕೈಯಲ್ಲಿರುವ ಸಂಖ್ಯೆಯನ್ನು ವರ್ಗ ಮಾಡಿ 2ನ್ನು ಕಳೆಯಬೇಕು. ಬಂದದ್ದು ಪರೀಕ್ಷೆಯ ಸಂಖ್ಯೆಗಿಂತ ದೊಡ್ಡದಾದರೆ ಅದರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ. ಬರದಿದ್ದರೆ ಅಲ್ಲ.

ಮನೆಯಲ್ಲಿ ಪ್ರೌಢಶಾಲೆಯ ಮಕ್ಕಳಿದ್ದರೆ 127ನ್ನು ಈ ರೀತಿ ಪರೀಕ್ಷಿಸಿ ನೋಡಬಹುದು. 127 = 2⁷ − 1, ಆದ್ದರಿಂದ ಐದು ಸಲ ಮಾಡಬೇಕು. 3ರ ವರ್ಗ 9, ಎರಡು ಕಳೆದರೆ 7. 7ರ ವರ್ಗ 49, ಕಳೆದರೆ 47. 47ರ ವರ್ಗ 2209, ಕಳೆದರೆ 2207; ಇದನ್ನು 127ರಿಂದ ಭಾಗಿಸಿದರೆ ಶೇಷ 48. 48ರ ವರ್ಗ 2304, ಕಳೆದರೆ 2302, ಶೇಷ 16. 16ರ ವರ್ಗ 256, ಕಳೆದರೆ 254. ಅದು 127ರ ಸರಿಯಾಗಿ ಎರಡರಷ್ಟು, ಶೇಷ ಸೊನ್ನೆ. 127 ಅವಿಭಾಜ್ಯ.

2047ನ್ನು ಇದೇ ದಾರಿಯಲ್ಲಿ ನಡೆಸಿದರೆ 3, 7, 47, 160, 1034, 620, 1609, 1471 ಎಂದು ಹೋಗಿ ಮತ್ತೆ 160ಕ್ಕೇ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದೇ ಐದು ಸಂಖ್ಯೆಗಳ ಗಾಣ. ಸೊನ್ನೆ ಎಂದಿಗೂ ಬಾರದು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: 23 ಮತ್ತು 89 ಎಂಬ ಭಾಜಕಗಳು ಈ ಲೆಕ್ಕದಲ್ಲಿ ಎಲ್ಲೂ ಕಾಣಿಸಿಕೊಳ್ಳಲಿಲ್ಲ. ಸಂಖ್ಯೆ ಒಡೆಯುತ್ತದೆ ಎಂದು ಗೊತ್ತಾಯಿತು, ಯಾವುದರಿಂದ ಎಂದು ಗೊತ್ತಾಗಲಿಲ್ಲ. 2⁶⁷ − 1 ಅವಿಭಾಜ್ಯವಲ್ಲ ಎಂದು ಲ್ಯೂಕಾ 1876ರಲ್ಲೇ ತೋರಿಸಿದ್ದರೂ ಅದರ ಭಾಜಕಗಳಿಗಾಗಿ ಕೋಲ್ ಅವರವರೆಗೆ ಕಾಯಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

3ರಿಂದ ಹೊರಡುವ ಪರೀಕ್ಷೆ ಎಲ್ಲ ಘಾತಾಂಕಗಳಿಗೂ ಹೊಂದುವುದಿಲ್ಲ. 4ರಿಂದ ಭಾಗಿಸಿದಾಗ ಶೇಷ 3 ಬರುವಂಥವಕ್ಕೆ ಮಾತ್ರ. 7, 11, 127 ಮೂರೂ ಅಂಥವೇ. 3ರ ಬದಲು 4ರಿಂದ ಹೊರಟರೆ 2ನ್ನು ಬಿಟ್ಟು ಉಳಿದೆಲ್ಲ ಅವಿಭಾಜ್ಯ ಘಾತಾಂಕಗಳಿಗೂ ಪರೀಕ್ಷೆ ಸಲ್ಲುತ್ತದೆ ಎಂದು ಅಮೆರಿಕದ ಡಿ. ಎಚ್. ಲೆಹ್ಮರ್ 1930ರಲ್ಲಿ ಸಾಧಿಸಿದರು. ಅದಕ್ಕೇ ಇದನ್ನು ಈಗ ಲ್ಯೂಕಾ–ಲೆಹ್ಮರ್ ಪರೀಕ್ಷೆ ಎನ್ನುತ್ತಾರೆ.

80 ಕೋಟಿ ವರ್ಷದ ಕೆಲಸ ಹೀಗೆ 125 ವರ್ಗಗಳಿಗೆ ಇಳಿಯಿತು. ಆದರೂ 39 ಅಂಕಿಗಳ ಸಂಖ್ಯೆಯನ್ನು ಕೈಯಲ್ಲಿ ವರ್ಗ ಮಾಡಿ, 77 ಅಂಕಿಗಳವರೆಗೆ ಹೋದ ಉತ್ತರವನ್ನು ಮತ್ತೆ 39 ಅಂಕಿಗಳ ಸಂಖ್ಯೆಯಿಂದ ಭಾಗಿಸುವುದು, ಅದೂ 125 ಸಲ, ಸಣ್ಣ ಮಾತಲ್ಲ. ನಡುವೆ ಒಂದು ಅಂಕಿ ತಪ್ಪಿದರೆ ಎಲ್ಲವೂ ವ್ಯರ್ಥ. ಇಲ್ಲಿ ಲ್ಯೂಕಾ ಅವರ ಕೈಹಿಡಿದದ್ದು ಸಂಖ್ಯೆಯ ಆಕಾರವೇ. 127ರಿಂದ ಭಾಗಿಸಬೇಕಾದಾಗ 128ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಕೂಡಿಸಿದರೆ ಸಾಕು. 2207ರಲ್ಲಿ 128 ಹದಿನೇಳು ಸಲ ಹೋಗಿ 31 ಉಳಿಯುತ್ತದೆ; 17 + 31 = 48. ಮೇಲೆ ಬಂದದ್ದೂ 48. ದ್ವಿಮಾನದಲ್ಲಿ 128ರಿಂದ ಭಾಗಿಸುವುದೆಂದರೆ ಬಲಗಡೆಯ ಏಳು ಅಂಕಿಗಳನ್ನು ಬೇರ್ಪಡಿಸುವುದಷ್ಟೇ. ಹಾಗೆಯೇ 2¹²⁷ − 1ರ ಲೆಕ್ಕದಲ್ಲಿ 127 ಸ್ಥಾನ ದಾಟಿ ಹೊರಗೆ ಹೋದದ್ದನ್ನು ಮಡಿಚಿ ಮತ್ತೆ ಮೊದಲ ಸ್ಥಾನದಿಂದ ಕೂಡಿಸುತ್ತಾ ಬಂದರಾಯಿತು. ಭಾಗಾಕಾರವೇ ಇಲ್ಲ. ಇದಕ್ಕಾಗಿ ಅವರು 127 ಸಾಲು, 127 ಕಂಬಗಳ ಚದುರಂಗದ ಹಾಸಿನಂಥ ಮಣೆಯ ಮೇಲೆ ಕಾಯಿಗಳನ್ನಿಟ್ಟು ಲೆಕ್ಕ ಮಾಡುವ ಕ್ರಮವನ್ನು ವಿವರಿಸಿದ್ದಾರೆ.

ನಂತರದವರು ಬೇರೆಯಾಗಿ ಲೆಕ್ಕ ಮಾಡಿ ಫಲಿತಾಂಶ ಸರಿಯೆಂದು ದೃಢಪಡಿಸಿದರು. ಇಂದು ಸಾಧಾರಣ ಮೊಬೈಲ್ ಫೋನ್ ಆ 125 ಹೆಜ್ಜೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಲ್ಯೂಕಾ ತೀರಿಕೊಂಡದ್ದು 49ನೆಯ ವಯಸ್ಸಿನಲ್ಲಿ. ಔತಣಕೂಟವೊಂದರಲ್ಲಿ ಒಡೆದ ತಟ್ಟೆಯ ಚೂರು ಕೆನ್ನೆಗೆ ತಗುಲಿ, ಆ ಗಾಯ ನಂಜಾಗಿ ಕೆಲವೇ ದಿನಗಳಲ್ಲಿ ಸಾವು ಬಂತು.

ಜೈನ ಗಣಿತದಲ್ಲಿ 2ರ ಘಾತಗಳು

ಮಹಾವೀರಾಚಾರ್ಯರು 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಗುಣೋತ್ತರ ಶ್ರೇಢಿಯ ಮೊತ್ತಕ್ಕೆ ಸೂತ್ರವಿದೆ. ‘ಗುಣಧನ’ವನ್ನು ಕಂಡುಹಿಡಿದು, ಅದರಿಂದ ಮೊದಲ ಪದವನ್ನು ಕಳೆದು, ಒಂದು ಕಡಿಮೆ ಮಾಡಿದ ಗುಣಕದಿಂದ ಭಾಗಿಸಬೇಕು. ಮೊದಲ ಪದ 1, ಗುಣಕ 2, ಪದಗಳು 127 ಎಂದು ಹಾಕಿದರೆ ಸೂತ್ರ ಕೊಡುವ ಉತ್ತರ 2¹²⁷ − 1.

ಗುಣಧನವನ್ನು ಕಾಣಲು ಆಚಾರ್ಯರು ಹೇಳುವ ಕ್ರಮ ಇನ್ನೂ ಸ್ವಾರಸ್ಯಕರ. ಪದಗಳ ಸಂಖ್ಯೆ ಸಮವಾದರೆ ಅರ್ಧ ಮಾಡಿ ಒಂದು ಗುರುತು ಹಾಕಬೇಕು, ಬೆಸವಾದರೆ ಒಂದು ಕಳೆದು ಇನ್ನೊಂದು ಗುರುತು ಹಾಕಬೇಕು. ಕೊನೆಯಿಂದ ಹಿಂದಕ್ಕೆ ಬರುತ್ತಾ, ಅರ್ಧ ಮಾಡಿದ ಕಡೆ ವರ್ಗ, ಒಂದು ಕಳೆದ ಕಡೆ ಗುಣಕದಿಂದ ಗುಣಾಕಾರ. 127ಕ್ಕೆ ಇದನ್ನು ಹಚ್ಚಿದರೆ 126, 63, 62, 31, 30, 15, 14, 7, 6, 3, 2, 1 ಎಂದು ಇಳಿಯುತ್ತದೆ. ಅಂದರೆ 2ನ್ನು 127 ಸಲ ಗುಣಿಸುತ್ತಾ ಕೂರಬೇಕಿಲ್ಲ; ಆರು ವರ್ಗ, ಆರು ಇಮ್ಮಡಿ, ಕೆಲಸ ಮುಗಿಯಿತು. ದೊಡ್ಡ ಘಾತಗಳನ್ನು ಕಂಪ್ಯೂಟರ್ ಇಂದು ಲೆಕ್ಕ ಹಾಕುವುದು ಇದೇ ಉಪಾಯದಿಂದ. ಈ ಉಪಾಯ ಮಹಾವೀರಾಚಾರ್ಯರಿಗೂ ಹಿಂದಿನದು, ಪಿಂಗಲನ ಛಂದಃಶಾಸ್ತ್ರದಲ್ಲೇ ಇದರ ಮೂಲವಿದೆ.

ಶ್ವೇತಾಂಬರ ಆಗಮವಾದ ‘ಅನುಯೋಗದ್ವಾರ ಸೂತ್ರ’ದಲ್ಲಿ ಮನುಷ್ಯರ ಸಂಖ್ಯೆಯನ್ನು ಹೇಳುವಾಗ 2ರ ಆರನೆಯ ವರ್ಗವನ್ನು ಐದನೆಯ ವರ್ಗದಿಂದ ಗುಣಿಸಿದಷ್ಟು, 96 ಸಲ ಅರ್ಧಿಸಬಹುದಾದಷ್ಟು ಎಂದಿದೆ. 2⁶⁴ × 2³² = 2⁹⁶, ಇದು 29 ಸ್ಥಾನಗಳ ಸಂಖ್ಯೆ. ದಿಗಂಬರ ಪರಂಪರೆಯಲ್ಲಿ, ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ, ತಾಳೆಗರಿಯ ಪ್ರತಿಗಳು ಮೂಡುಬಿದಿರೆಯಲ್ಲಿ ಉಳಿದುಬಂದ ‘ಧವಲಾ’ ಟೀಕೆಯಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದು ಎಂಬ ಎಣಿಕೆಗೆ ‘ಅರ್ಧಚ್ಛೇದ’ ಎಂಬ ಹೆಸರೇ ಇದೆ. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದ ಅವುಗಳ ಅರ್ಧಚ್ಛೇದಗಳ ಮೊತ್ತ ಎಂಬ ನಿಯಮವೂ ಅಲ್ಲಿದೆ. 2¹²⁷ರ ಅರ್ಧಚ್ಛೇದ 127. ಅದರಿಂದ ಒಂದೇ ಒಂದನ್ನು ಕಳೆದರೆ ಬೆಸ ಸಂಖ್ಯೆ. ಒಂದು ಸಲವೂ ಅರ್ಧವಾಗದು.

ಇಷ್ಟನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಈ ಗ್ರಂಥಗಳಲ್ಲಿ ಇಮ್ಮಡಿ, ವರ್ಗ, ಅರ್ಧ ಇವುಗಳ ವಿಚಾರವಿದೆಯೇ ಹೊರತು 2¹²⁷ − 1 ಅವಿಭಾಜ್ಯ ಎಂಬ ಮಾತಿಲ್ಲ. ಹಾಗಿದೆ ಎಂದು ಯಾರಾದರೂ ಬರೆದರೆ ನಂಬಬೇಕಾಗಿಲ್ಲ. ಗಣಿತಸಾರಸಂಗ್ರಹ ಸ್ಥಾನಗಳಿಗೆ ಹೆಸರು ಕೊಡುವುದೂ ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ, ಈ ಸಂಖ್ಯೆಯನ್ನು ಓದಲು ಇನ್ನೂ 15 ಹೆಸರು ಬೇಕು. ಆಚಾರ್ಯರು ಮಾಡಿದ್ದು ಬೇರೆ ಕೆಲಸ, ಅದು ತನ್ನಷ್ಟಕ್ಕೇ ದೊಡ್ಡದು.

1951ರ ನಂತರ

ದಾಖಲೆ ಮುರಿದದ್ದು 1951ರಲ್ಲಿ. ಫೆರಿಯೆ ಎಂಬ ಫ್ರೆಂಚ್ ಗಣಿತಜ್ಞ ಮೇಜಿನ ಮೇಲಿನ ಲೆಕ್ಕಯಂತ್ರದಿಂದ 44 ಅಂಕಿಗಳ ಅವಿಭಾಜ್ಯವೊಂದನ್ನು ತೋರಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಮಿಲ್ಲರ್ ಮತ್ತು ವ್ಹೀಲರ್ ಎಡ್ಸಾಕ್ ಕಂಪ್ಯೂಟರಿನಲ್ಲಿ 79 ಅಂಕಿಗಳದನ್ನು ಕಂಡರು. ಅವರು ಅದನ್ನು ಕಟ್ಟಿದ್ದು ಲ್ಯೂಕಾ ಅವರ ಸಂಖ್ಯೆಯ ಮೇಲೆಯೇ: ಅದರ ವರ್ಗವನ್ನು 180ರಿಂದ ಗುಣಿಸಿ 1 ಕೂಡಿಸಿದರು. 1952ರ ಜನವರಿ 30ರಂದು ಅಮೆರಿಕದ ಸ್ವಾಕ್ ಕಂಪ್ಯೂಟರಿನಲ್ಲಿ ರಾಬಿನ್ಸನ್ ಬರೆದ ಕ್ರಮವಿಧಿ ಓಡಿ 2⁵²¹ − 1 ಮತ್ತು 2⁶⁰⁷ − 1 ಸಿಕ್ಕವು. ಆಮೇಲೆ ಯಂತ್ರಗಳದ್ದೇ ಓಟ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1ರಲ್ಲಿ 4,10,24,320 ಅಂಕಿಗಳಿವೆ. ಅದು ಅವಿಭಾಜ್ಯವೆಂದು ದೃಢಪಡಿಸಿದ್ದು ಲ್ಯೂಕಾ–ಲೆಹ್ಮರ್ ಪರೀಕ್ಷೆಯೇ.

ದಾಖಲೆ ಹೋದರೂ ಹಳೆಯ ಸಂಖ್ಯೆಗೆ ಕೆಲಸ ತಪ್ಪಿಲ್ಲ. ಅಂತರ್ಜಾಲದಲ್ಲಿ ಸಂದೇಶಗಳನ್ನು ಗುಟ್ಟಾಗಿಡುವ ಲೆಕ್ಕಗಳಲ್ಲಿ ದೊಡ್ಡ ಅವಿಭಾಜ್ಯದಿಂದ ಮತ್ತೆ ಮತ್ತೆ ಭಾಗಿಸಿ ಶೇಷ ಹಿಡಿಯಬೇಕಾಗುತ್ತದೆ. ಮೈಕ್ರೋಸಾಫ್ಟ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ‘ಫೋರ್‌ಕ್ಯೂ’ ಎಂಬ ವಿಧಾನ ಇದಕ್ಕಾಗಿ 2¹²⁷ − 1ನ್ನೇ ಆರಿಸಿಕೊಂಡಿತು. ಹೊರಗೆ ಹೋದದ್ದನ್ನು ಮಡಿಚಿ ಕೂಡಿಸಿದರೆ ಶೇಷ ಸಿಗುವ ಆ ಅನುಕೂಲವೇ ಕಾರಣ.

ಇನ್ನೂ ಒಂದು ಗುಣವಿದೆ. ಈ ಸಂಖ್ಯೆಯನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಗಳ ಪರಿಪೂರ್ಣ ಸಂಖ್ಯೆ ಬರುತ್ತದೆ, ಅಂದರೆ ಅದನ್ನು ಬಿಟ್ಟು ಅದರ ಉಳಿದೆಲ್ಲ ಭಾಜಕಗಳನ್ನು ಕೂಡಿಸಿದರೆ ಅದೇ ಸಂಖ್ಯೆ ಸಿಗುತ್ತದೆ. 6 (1+2+3) ಮತ್ತು 28 (1+2+4+7+14) ಈ ಜಾತಿಯ ಮೊದಲಿಗರು. ಮರ್ಸೆನ್ ಅವಿಭಾಜ್ಯ ಒಂದಿದ್ದರೆ ಪರಿಪೂರ್ಣ ಸಂಖ್ಯೆಯೂ ಒಂದಿರುತ್ತದೆ ಎಂಬುದು ಯೂಕ್ಲಿಡ್ ಕಾಲದಿಂದ ಗೊತ್ತಿರುವ ಮಾತು.

ಬೆಲ್ಜಿಯಂನ ಗಣಿತಜ್ಞ ಕ್ಯಾಟಲನ್ ಗಮನಿಸಿದ ಸರಪಳಿಯೊಂದು ಮಾತ್ರ ಇನ್ನೂ ಬಿಡಿಸದೆ ಉಳಿದಿದೆ. 2ರಿಂದ ಹೊರಟು, ಬಂದ ಸಂಖ್ಯೆಯನ್ನೇ ಮುಂದಿನ ಘಾತಾಂಕವಾಗಿ ಹಾಕುತ್ತಾ ಹೋದರೆ 2² − 1 = 3, 2³ − 1 = 7, 2⁷ − 1 = 127, ಆಮೇಲೆ 2¹²⁷ − 1. ಐದೂ ಅವಿಭಾಜ್ಯ. ಆರನೆಯ ಕೊಂಡಿಯಲ್ಲಿ ಘಾತಾಂಕವೇ ಮೇಲಿನ 39 ಅಂಕಿಗಳ ಸಂಖ್ಯೆ. ಆ ಆರನೆಯದನ್ನು ಪೂರ್ತಿ ಬರೆಯಲು ಬೇಕಾಗುವ ಅಂಕಿಗಳ ಎಣಿಕೆಯೇ ಸುಮಾರು 5 × 10³⁷. ಲ್ಯೂಕಾ ಅವರ ಪರೀಕ್ಷೆಯನ್ನು ಅದರ ಮೇಲೆ ನಡೆಸಬೇಕಾದರೆ 125 ವರ್ಗಗಳ ಬದಲು 2¹²⁷ − 3 ವರ್ಗಗಳನ್ನು ಮಾಡಬೇಕು. ಅದು ಅವಿಭಾಜ್ಯವೇ ಅಲ್ಲವೇ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ.